ಪೈಪೋಟಿಯ ಜಗತ್ತಿನಲ್ಲಿ ಸಣ್ಣ ಕಾರ್ಖಾನೆ ನಡೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರ, ದಾಬಸ್‌ಪೇಟೆಯ ಸಣ್ಣ ಉದ್ಯಮಿಗಳು ಮಾತಿಗೆ ಕುಳಿತಾಗ, ಪತ್ರ ಬರೆದಾಗ, ಲೇಖನಗಳಿಗೆ ಪ್ರತಿಕ್ರಿಯಿಸಿದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಯಂತ್ರಭಾಗ ತಯಾರಿಸುವ ಘಟಕಗಳವು. ಗಾರ್ಮೆಂಟ್ಸ್, ಪ್ಯಾಕಿಂಗ್, ಆಹಾರ ತಯಾರಿಕೆಯವರು ತಮ್ಮ ಅಂಕಿಗಳನ್ನು ಹಾಕಿಕೊಂಡರೆ ಲೆಕ್ಕದ ದಾರಿ ಅದೇ.

## ಬುನಾದಿ

ನಮ್ಮದು ಹತ್ತು ಜನರ ಶೆಡ್. ಇದಕ್ಕೂ ಮ್ಯಾನೇಜ್‌ಮೆಂಟ್ ಎಂಬುದೆಲ್ಲ ಬೇಕೇ?

ಬೇಕು. ಸಣ್ಣ ಶೆಡ್‌ಗೇ ಹೆಚ್ಚು ಬೇಕು, ಏಕೆಂದರೆ ಅಲ್ಲಿ ಒಂದು ತಪ್ಪು ತೀರ್ಮಾನದ ನಷ್ಟವನ್ನು ತುಂಬಿಕೊಡಲು ಇನ್ನೊಂದು ವಿಭಾಗ ಇರುವುದಿಲ್ಲ. ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ನಿರ್ವಹಣೆಯ ಕೆಲಸವನ್ನು ಐದಾಗಿ ವಿಂಗಡಿಸಿದ: ಮುಂದಾಲೋಚನೆ, ಸಂಘಟನೆ, ನಿರ್ದೇಶನ, ಹೊಂದಾಣಿಕೆ, ನಿಯಂತ್ರಣ. ಹತ್ತು ಜನರ ಘಟಕದಲ್ಲಿ ಈ ಐದನ್ನೂ ಮಾಲೀಕನೇ ಮಾಡುತ್ತಿರುತ್ತಾನೆ. ತೊಂದರೆಯೆಂದರೆ, ಅವನು ನಿರ್ದೇಶನದಲ್ಲೇ ದಿನವಿಡೀ ಕಳೆಯುತ್ತಾನೆ. ಮುಂದಾಲೋಚನೆಗೂ ನಿಯಂತ್ರಣಕ್ಕೂ ಸಮಯ ಉಳಿಯುವುದಿಲ್ಲ.

ನಿಮ್ಮ ಘಟಕದ ಸ್ಥಿತಿ ತಿಳಿಯಲು ನೀವು ಊರಿನ ಜಾತ್ರೆಗೆಂದು ಒಂದು ವಾರ ಹೋಗಿ ಬನ್ನಿ. ಯಾವ ಯಂತ್ರಕ್ಕೆ ಯಾವ ಕೆಲಸ ಹಾಕಬೇಕು, ಕಚ್ಚಾ ಸಾಮಗ್ರಿ ಯಾವಾಗ ತರಿಸಬೇಕು, ಕೆಟ್ಟ ತುಂಡನ್ನು ಯಾರು ತಡೆಯಬೇಕು ಎಂದು ಕೇಳಿ ಎಷ್ಟು ಕರೆಗಳು ಬಂದವೋ ಬರೆದುಕೊಳ್ಳಿ. ಆ ಪಟ್ಟಿಯಲ್ಲಿರುವ ಒಂದೊಂದು ತೀರ್ಮಾನವನ್ನೂ ಒಬ್ಬೊಬ್ಬರ ಹೆಸರಿಗೆ ವಹಿಸಿಕೊಡುವುದೇ ಮೊದಲ ಕೆಲಸ.

ಆಡಿಟರ್ ಲಾಭ ಇದೆ ಎನ್ನುತ್ತಾರೆ. ಹಾಗಾದರೆ ಬ್ಯಾಂಕ್ ಖಾತೆಯಲ್ಲಿ ಹಣ ಏಕಿಲ್ಲ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಲಾಭ ಕಾಗದದ ಮೇಲೆ ಹುಟ್ಟುವುದು ಬಿಲ್ ಬರೆದ ದಿನ. ಹಣ ಬರುವುದು ಗ್ರಾಹಕ ಕೊಟ್ಟ ದಿನ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಎಷ್ಟೋ ಒಳ್ಳೆಯ ಘಟಕಗಳು ಬಾಗಿಲು ಮುಚ್ಚಿವೆ.

ಒಂದು ಆರ್ಡರಿನ ಹಾದಿ ನೋಡಿ. ಉಕ್ಕಿನ ಸರಳುಗಳಿಗೆ ಮುಂಗಡ ಹಣ ಕೊಟ್ಟಿರಿ. ಅದು ಸ್ಟೋರಿನಲ್ಲಿ 20 ದಿನ ಕುಳಿತಿತು. ಟರ್ನಿಂಗ್, ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್, ಪ್ಲೇಟಿಂಗ್ ಎಂದು ಇನ್ನೂ 25 ದಿನ. ಸಿದ್ಧವಾದ ಸರಕು 5 ದಿನ ಕಾದಿತ್ತು. ಗ್ರಾಹಕ ಹಣ ಕೊಟ್ಟಿದ್ದು ಬಿಲ್ಲಿನ 90 ದಿನಗಳ ಮೇಲೆ. ಒಟ್ಟು 140 ದಿನ ನಿಮ್ಮ ಹಣ ಹೊರಗಿತ್ತು. ಈ ನಡುವೆ ನಾಲ್ಕು ಬಾರಿ ಸಂಬಳ ಕೊಟ್ಟಿದ್ದೀರಿ. ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು ಮುಂದಿನ ತಿಂಗಳ 20ರೊಳಗೆ ಸರ್ಕಾರಕ್ಕೆ ಕಟ್ಟಿದ್ದೀರಿ, ಗ್ರಾಹಕನಿಂದ ಅದು ಇನ್ನೂ ಬಂದಿರದಿದ್ದರೂ.

ಇಂಥ ಸ್ಥಿತಿಯಲ್ಲಿ ಹೆಚ್ಚು ಆರ್ಡರ್ ಬಂದಷ್ಟೂ ಹಣದ ಕೊರತೆ ಹೆಚ್ಚುತ್ತದೆ. ಮಾರಾಟ ಇಮ್ಮಡಿಯಾದ ವರ್ಷವೇ ಬಿಕ್ಕಟ್ಟಿಗೆ ಸಿಕ್ಕವರನ್ನು ಕಂಡಿದ್ದೇನೆ. ಆದ್ದರಿಂದ ಲಾಭನಷ್ಟದ ಪಟ್ಟಿಯ ಜೊತೆಗೆ ಮುಂದಿನ 13 ವಾರಗಳ ಹಣದ ಪಟ್ಟಿಯನ್ನೂ ಇಡಿ: ಯಾವ ವಾರ ಯಾರಿಂದ ಎಷ್ಟು ಬರುತ್ತದೆ, ಯಾರಿಗೆ ಎಷ್ಟು ಹೋಗುತ್ತದೆ. ಪ್ರತಿ ಸೋಮವಾರ ತಿದ್ದಿ. ಬಳಿಕ ಆ 140 ದಿನಗಳನ್ನು ಕಡಿಮೆ ಮಾಡುವ ದಾರಿ ಹುಡುಕಿ. ಗ್ರಾಹಕನನ್ನು ಒತ್ತಾಯಿಸುವುದು ಕಷ್ಟ. ನಿಮ್ಮ ಗೋಡೆಯೊಳಗಿನ 50 ದಿನಗಳನ್ನು 30ಕ್ಕೆ ಇಳಿಸುವುದು ನಿಮ್ಮ ಕೈಯಲ್ಲೇ ಇದೆ.

ಪಕ್ಕದ ಶೆಡ್‌ನವರ ಕೊಟೇಶನ್‌ಗಿಂತ ಎರಡು ರೂಪಾಯಿ ಕಡಿಮೆ ಹಾಕುತ್ತೇವೆ. ಬೆಲೆ ನಿಗದಿ ಮಾಡಲು ಬೇರೆ ದಾರಿ ಇದೆಯೇ?

ಪಕ್ಕದವರಿಗೂ ತಮ್ಮ ವೆಚ್ಚ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ನಷ್ಟದ ಕಡೆಗೆ ಓಡುತ್ತೀರಿ. ಯಂತ್ರದ ಗಂಟೆ ದರವನ್ನು ಲೆಕ್ಕ ಹಾಕಲು ಒಂದು ಸಂಜೆ ಸಾಕು.

ಉದಾಹರಣೆಗೆ 24 ಲಕ್ಷ ರೂಪಾಯಿಯ ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ನಿಯಂತ್ರಿತ ಲೇತ್ ಯಂತ್ರ, ತೆಗೆದುಕೊಳ್ಳೋಣ. ಎಂಟು ವರ್ಷದ ಬಾಳಿಕೆ ಎಂದರೆ ವರ್ಷಕ್ಕೆ ಸವಕಳಿ 3 ಲಕ್ಷ. ಬಡ್ಡಿ ಸರಾಸರಿ 1.5 ಲಕ್ಷ. ಎರಡು ಪಾಳಿಯ ಇಬ್ಬರು ಆಪರೇಟರ್‌ಗಳಿಗೆ ತಿಂಗಳಿಗೆ ತಲಾ 25,000ದಂತೆ 6 ಲಕ್ಷ. ಬಾಡಿಗೆ ಮತ್ತು ಕಚೇರಿ ಖರ್ಚಿನ ಪಾಲು 2.4 ಲಕ್ಷ, ವಿದ್ಯುತ್ 1.8 ಲಕ್ಷ, ರಿಪೇರಿ ಮತ್ತು ಟೂಲಿಂಗ್ 1.5 ಲಕ್ಷ. ಒಟ್ಟು 16.2 ಲಕ್ಷ.

ಇದನ್ನು ಎಷ್ಟು ಗಂಟೆಗಳಿಂದ ಭಾಗಿಸುತ್ತೀರಿ ಎಂಬಲ್ಲಿ ಎಲ್ಲವೂ ಇದೆ. ವರ್ಷಕ್ಕೆ 300 ದಿನ, ದಿನಕ್ಕೆ 16 ಗಂಟೆ ಎಂದರೆ 4,800 ಗಂಟೆ. ದರ ಸುಮಾರು 337 ರೂಪಾಯಿ. ಆದರೆ ಸೆಟ್ಟಿಂಗ್ (ಯಂತ್ರವನ್ನು ಮುಂದಿನ ಕೆಲಸಕ್ಕೆ ಸಜ್ಜುಗೊಳಿಸುವುದು), ವಿದ್ಯುತ್ ಕಡಿತ, ಆಪರೇಟರ್ ರಜೆ, ಸಾಮಗ್ರಿ ಬಾರದ ದಿನಗಳನ್ನು ಕಳೆದರೆ ಲೋಹ ಕತ್ತರಿಸುವ ಸಮಯ 3,000 ಗಂಟೆ ಉಳಿಯಿತು ಎನ್ನಿ. ಆಗ ದರ 540 ರೂಪಾಯಿ. ನಾಲ್ಕು ನಿಮಿಷದ ತುಂಡಿಗೆ ಮೊದಲ ಲೆಕ್ಕದಲ್ಲಿ 22.50 ರೂಪಾಯಿ, ಎರಡನೆಯದರಲ್ಲಿ 36. ನೀವು 28ಕ್ಕೆ ಒಪ್ಪಿಕೊಂಡು ಲಾಭದಲ್ಲಿದ್ದೇನೆ ಎಂದುಕೊಂಡಿದ್ದರೆ ಪ್ರತಿ ತುಂಡಿಗೂ 8 ರೂಪಾಯಿ ಕೈಯಿಂದ ಕೊಡುತ್ತಿದ್ದೀರಿ. ಸಾಮಗ್ರಿ, ಸ್ಕ್ರ್ಯಾಪ್, ಸಾಗಣೆ, ಲಾಭಾಂಶ ಇವೆಲ್ಲ ಇದರ ಮೇಲೆ.

ಯಂತ್ರ ಸುಮ್ಮನೆ ನಿಂತಿರುವಾಗ ಕಡಿಮೆ ಬೆಲೆಗೆ ಒಂದು ಆರ್ಡರ್ ಹಿಡಿಯುವುದು ತಪ್ಪಲ್ಲ. ಆದರೆ ಅದು ಎಷ್ಟು ಕಡಿಮೆ ಎಂಬುದು ತಿಳಿದಿರಬೇಕು, ಅದೇ ಬೆಲೆ ಮುಂದಿನ ವರ್ಷದ ಒಪ್ಪಂದವಾಗಿ ಮುಂದುವರಿಯಬಾರದು.

ನಾನೇ ಮಾಲೀಕ. ನನಗೆ ನಾನೇ ಸಂಬಳ ಬರೆದುಕೊಳ್ಳಬೇಕೇ?

ಹೌದು. ನಿಮ್ಮ ಕೆಲಸವನ್ನು ಬೇರೊಬ್ಬರಿಂದ ಮಾಡಿಸಿದರೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟನ್ನು ವೆಚ್ಚದಲ್ಲಿ ಸೇರಿಸಿ. ಸ್ವಂತ ಶೆಡ್ ಇದ್ದರೆ ಬಾಡಿಗೆಯನ್ನೂ ಸೇರಿಸಿ. ಇವೆರಡನ್ನೂ ಬಿಟ್ಟು ತೋರುವ ಲಾಭವು ನಿಮ್ಮ ದುಡಿಮೆ ಮತ್ತು ನಿಮ್ಮ ತಂದೆಯ ಕಾಲದ ಜಾಗದ ಬಾಡಿಗೆ, ಅಷ್ಟೇ.

ದೊಡ್ಡ ಕಂಪನಿ 120 ದಿನವಾದರೂ ಹಣ ಕೊಡುವುದಿಲ್ಲ. ಕಾನೂನು ಇದೆಯಂತೆ. ದೂರು ಕೊಟ್ಟರೆ ಆರ್ಡರ್ ನಿಂತುಹೋದರೆ?

ಈ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವವರ ಸಲಹೆ ಕೇಳಬೇಡಿ. ಮೊದಲು ಕಾನೂನು ಏನಿದೆ ನೋಡೋಣ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರ ಗರಿಷ್ಠ 45 ದಿನಗಳಲ್ಲಿ ಹಣ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನಗಳಲ್ಲಿ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೆ ಉದ್ಯಮ್, ಅಂದರೆ ಇಂಥ ಘಟಕಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಇರಬೇಕು. ಅದು ಉಚಿತ, ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. ದೂರು ಹೋಗುವುದು ರಾಜ್ಯದ ಸೌಲಭ್ಯ ಮಂಡಳಿಗೆ.

ದೂರು ಕೊಡದೆಯೂ ನಡೆಯುವ ಎರಡು ದಾರಿಗಳಿವೆ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯಲ್ಲಿ ಒಂದು ಬದಲಾವಣೆ ತಂದಿತು: ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ ಕಾಲಮಿತಿಯೊಳಗೆ ಹಣ ಕೊಡದಿದ್ದರೆ, ಆ ಖರ್ಚನ್ನು ಕೊಟ್ಟ ವರ್ಷದಲ್ಲಷ್ಟೇ ಖರೀದಿದಾರ ತನ್ನ ಆದಾಯದಿಂದ ಕಳೆಯಬಹುದು. ಆದ್ದರಿಂದ ಉದ್ಯಮ್ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸಿ, ಮಾರ್ಚ್‌ಗೆ ಮುಂಚೆಯೇ ಅವರ ಅಕೌಂಟ್ಸ್ ವಿಭಾಗಕ್ಕೆ ಬಾಕಿ ಪಟ್ಟಿ ಕಳುಹಿಸಿ. ಇನ್ನೊಂದು ದಾರಿ ಟ್ರೆಡ್ಸ್. ಖರೀದಿದಾರ ಒಪ್ಪಿದ ಬಿಲ್ಲನ್ನು ಈ ವೇದಿಕೆಯಲ್ಲಿ ಬ್ಯಾಂಕುಗಳು ಹರಾಜಿನಲ್ಲಿ ಕೊಂಡು ನಿಮಗೆ ಕೂಡಲೇ ಹಣ ಕೊಡುತ್ತವೆ. 250 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಅಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಖರೀದಿದಾರನ ಹೆಸರಿನ ಬಲದ ಮೇಲೆ ಬಡ್ಡಿ ನಿಗದಿಯಾಗುವುದರಿಂದ ನಿಮ್ಮ ಓವರ್‌ಡ್ರಾಫ್ಟ್‌ಗಿಂತ ಅದು ಅಗ್ಗವಾಗಬಹುದು.

## ಜನ ಮತ್ತು ಗುಣಮಟ್ಟ

ಕೆಲಸ ಕಲಿಸುತ್ತೇವೆ, ಆರು ತಿಂಗಳಿಗೆ ಹುಡುಗರು ಬಿಟ್ಟು ಹೋಗುತ್ತಾರೆ. ಕಲಿಸುವುದೇ ದಂಡವಲ್ಲವೇ?

ಅವರು ಎಲ್ಲಿಗೆ, ಏಕೆ ಹೋದರು ಎಂದು ಕೇಳಿದ್ದೀರಾ? ಹೆಚ್ಚಿನವರು ಸಾವಿರ ರೂಪಾಯಿ ಹೆಚ್ಚಿಗೆ ಕೊಟ್ಟರು ಎನ್ನುತ್ತಾರೆ. ಇನ್ನಷ್ಟು ಕೇಳಿದರೆ ಕೋಣೆ ಬಾಡಿಗೆ, ರಾತ್ರಿ ಪಾಳಿ ಮುಗಿದ ಮೇಲೆ ಬಸ್ ಇಲ್ಲದ್ದು, ಎರಡು ವರ್ಷವಾದರೂ ಆಪರೇಟರ್ ಆಗಿಯೇ ಉಳಿದದ್ದು ಹೊರಬರುತ್ತದೆ. ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದ ಹುಡುಗನಿಗೆ ಈ ಊರಿನಲ್ಲಿ ಉಳಿಯುವುದೇ ಒಂದು ಲೆಕ್ಕಾಚಾರ. ನಾಲ್ಕು ಘಟಕಗಳು ಸೇರಿ ಒಂದು ವಸತಿ ಹಿಡಿದರೆ ಅದು ಸಂಬಳದ ಏರಿಕೆಗಿಂತ ಹೆಚ್ಚು ದಿನ ಜನರನ್ನು ಉಳಿಸುತ್ತದೆ.

ಮೇಲಕ್ಕೆ ಹೋಗುವ ದಾರಿ ಕಣ್ಣಿಗೆ ಕಾಣುವಂತಿರಲಿ: ಆಪರೇಟರ್, ಸೆಟ್ಟರ್, ಪ್ರೋಗ್ರಾಮರ್, ಸೂಪರ್‌ವೈಸರ್. ಒಂದೊಂದು ಮೆಟ್ಟಿಲಿಗೂ ಏನು ಕಲಿತಿರಬೇಕು, ಎಷ್ಟು ಸಂಬಳ ಎಂದು ಗೋಡೆಯ ಮೇಲೆ ಬರೆದಿರಲಿ. ಜಿಟಿಟಿಸಿ, ಎನ್‌ಟಿಟಿಎಫ್‌ನಂಥ ತಾಂತ್ರಿಕ ತರಬೇತಿ ಸಂಸ್ಥೆಗಳಲ್ಲಿ ಕಲಿತು ಬಂದವರಿಗೂ ಇದು ಬೇಕು.

ಕೆಲಸದ ಜ್ಞಾನ ಒಬ್ಬನ ತಲೆಯಲ್ಲೇ ಇದ್ದರೆ ಅವನು ಹೋದ ದಿನ ಅದೂ ಹೋಗುತ್ತದೆ. ಪ್ರತಿ ತುಂಡಿಗೂ ಒಂದು ಹಾಳೆ ಮಾಡಿ. ಸೆಟ್ಟಿಂಗ್‌ನ ಫೋಟೊ, ಟೂಲ್ ಸಂಖ್ಯೆ, ಅಳತೆ ತಪ್ಪುವ ಜಾಗ ಎಲ್ಲವೂ ಕನ್ನಡ ಮತ್ತು ಹಿಂದಿಯಲ್ಲಿರಲಿ. ಕಲಿಸಿದ ಮೇಲೆ ಹೋಗುವವರು ಹೋಗಬಹುದು; ಕಲಿಸದೆ ಉಳಿಸಿಕೊಂಡವರಿಂದ ಆಗುವ ರಿಜೆಕ್ಷನ್ ಅದಕ್ಕಿಂತ ದುಬಾರಿ.

ಐಎಸ್‌ಒ 9001 ಗುಣಮಟ್ಟದ ಪ್ರಮಾಣಪತ್ರ ಇದ್ದರೆ ಹೊರದೇಶದವರು ಕೆಲಸ ಕೊಡುತ್ತಾರೆಯೇ?

ಅದು ಬಾಗಿಲೊಳಗೆ ಬಿಡುತ್ತದೆ, ಕುರ್ಚಿ ಕೊಡುವುದಿಲ್ಲ. ವಾಹನ ಕ್ಷೇತ್ರಕ್ಕೆ ಐಎಟಿಎಫ್ 16949, ವಿಮಾನ ಕ್ಷೇತ್ರಕ್ಕೆ ಎಎಸ್ 9100 ಕೇಳುತ್ತಾರೆ. ಪ್ರಮಾಣಪತ್ರ ನೋಡಿದ ಮೇಲೆ ಗ್ರಾಹಕನ ಆಡಿಟರ್ ನೇರವಾಗಿ ಮೈಕ್ರೊಮೀಟರ್ ಇಟ್ಟ ಜಾಗಕ್ಕೆ ಹೋಗಿ ಅದನ್ನು ಕೊನೆಯದಾಗಿ ಯಾವಾಗ ಕ್ಯಾಲಿಬ್ರೇಟ್ ಮಾಡಿಸಿದ್ದೀರಿ ಎಂದು ಕೇಳುತ್ತಾನೆ. ಬಳಿಕ ಕಳೆದ ತಿಂಗಳ ಒಂದು ದೂರನ್ನು ತೆಗೆದು, ಇದರ ಮೂಲ ಕಾರಣ ಹೇಗೆ ಕಂಡುಹಿಡಿದಿರಿ ಎನ್ನುತ್ತಾನೆ. ಆಪರೇಟರ್‌ಗೆ ಎಚ್ಚರಿಕೆ ಕೊಡಲಾಗಿದೆ ಎಂಬ ಉತ್ತರ ಬರೆದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯುತ್ತದೆ. ಆಡಿಟ್‌ನ ಹಿಂದಿನ ರಾತ್ರಿ ಕುಳಿತು ತುಂಬಿಸಿದ ರಿಜಿಸ್ಟರುಗಳನ್ನು ಅವರು ಶಾಯಿಯ ಬಣ್ಣದಿಂದಲೇ ಗುರುತಿಸುತ್ತಾರೆ.

ಜಪಾನಿನವರ ಪದ್ಧತಿಗಳು ಟೊಯೋಟಾದಂಥ ಕಂಪನಿಗೆ ಸರಿ. ನಮಗೆ ಆಗುತ್ತವೆಯೇ?

ಎಲ್ಲವೂ ಬೇಡ. ಒಂದನ್ನು ಮಾತ್ರ ತೆಗೆದುಕೊಳ್ಳಿ: ಸೆಟ್ಟಿಂಗ್ ಸಮಯ ಕಡಿಮೆ ಮಾಡುವುದು. ಯುದ್ಧದ ನಂತರ ಟೊಯೋಟಾದ ಬಳಿ ಅಮೆರಿಕದ ಕಂಪನಿಗಳಷ್ಟು ಬಂಡವಾಳವಾಗಲಿ ಮಾರುಕಟ್ಟೆಯಾಗಲಿ ಇರಲಿಲ್ಲ. ಚಿಕ್ಕ ಲಾಟ್‌ಗಳಲ್ಲಿ ಹಲವು ಬಗೆ ಮಾಡಬೇಕಾದ ಇಕ್ಕಟ್ಟಿನಿಂದಲೇ ತೈಚಿ ಓನೊ ತನ್ನ ಪದ್ಧತಿ ಕಟ್ಟಿದ. ನಿಮ್ಮ ಇಕ್ಕಟ್ಟೂ ಅದೇ. ಯಂತ್ರ ಓಡುತ್ತಿರುವಾಗಲೇ ಮುಂದಿನ ಕೆಲಸದ ಟೂಲ್, ತುಂಡನ್ನು ಹಿಡಿಯುವ ಜಾ, ಅಳತೆಯ ಗೇಜ್‌ಗಳನ್ನು ತಳ್ಳುಗಾಡಿಯಲ್ಲಿ ಜೋಡಿಸಿಟ್ಟುಕೊಂಡರೆ, ಯಂತ್ರ ನಿಲ್ಲಿಸಿ ಹುಡುಕಾಡುವ ಸಮಯವಷ್ಟೂ ಉಳಿಯುತ್ತದೆ. ಇದಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು.

## ಪೈಪೋಟಿ

ಚೀನಾದ ಬೆಲೆಗೆ ನಮಗೆ ಕಚ್ಚಾ ಸಾಮಗ್ರಿಯೂ ಸಿಗುವುದಿಲ್ಲ. ಪೈಪೋಟಿ ಕೊಡುವುದು ಹೇಗೆ?

ಆ ಬೆಲೆಗೆ ಕೊಡಲು ಹೋಗಬೇಡಿ. ಲಕ್ಷಗಟ್ಟಲೆ ಒಂದೇ ಬಗೆಯ ತುಂಡು ಬೇಕಾದ ಕಡೆ, ಬೆಲೆಯೊಂದೇ ಮಾನದಂಡವಾದ ಕಡೆ, ಅಲ್ಲಿನ ಕಾರ್ಖಾನೆಗಳ ಗಾತ್ರ ಮತ್ತು ಸುತ್ತಲಿನ ಪೂರೈಕೆದಾರರ ಜಾಲವನ್ನು ಮೀರುವುದು ಸಣ್ಣ ಘಟಕಕ್ಕೆ ಸಾಧ್ಯವಿಲ್ಲ. ಮೈಕೆಲ್ ಪೋರ್ಟರ್ 1980ರಲ್ಲಿ ಹೇಳಿದ ಮೂರು ದಾರಿಗಳು ಇವತ್ತಿಗೂ ಉಪಯುಕ್ತ: ಎಲ್ಲರಿಗಿಂತ ಕಡಿಮೆ ವೆಚ್ಚ, ಎಲ್ಲರಿಗಿಂತ ಭಿನ್ನ, ಇಲ್ಲವೇ ಒಂದು ಕಿರಿದಾದ ಕ್ಷೇತ್ರದಲ್ಲಿ ಆಳ. ಮೊದಲನೆಯದು ನಮ್ಮದಲ್ಲ. ಮೂರನೆಯದು ನಮ್ಮದಾಗಬಹುದು.

ಗ್ರಾಹಕ ಕೊಡುವ ಒಟ್ಟು ಬೆಲೆಯನ್ನು ಅವನ ಜಾಗದಲ್ಲಿ ಕುಳಿತು ಲೆಕ್ಕ ಹಾಕಿ. ದೂರದಿಂದ ತರಿಸಿದರೆ ಕಂಟೈನರ್ ತುಂಬುವಷ್ಟು ಕೊಳ್ಳಬೇಕು, ವಾರಗಟ್ಟಲೆ ಕಾಯಬೇಕು, ಸುಂಕ ಕಟ್ಟಬೇಕು, ಸ್ಟೋರಿನಲ್ಲಿ ಇಟ್ಟುಕೊಳ್ಳಬೇಕು. ಡ್ರಾಯಿಂಗ್ ಬದಲಾದರೆ ಇಟ್ಟುಕೊಂಡದ್ದೆಲ್ಲ ಗುಜರಿಗೆ. 200 ತುಂಡು ಬೇಕಾದವನಿಗೆ, ವರ್ಷಕ್ಕೆ ನಾಲ್ಕು ಬಾರಿ ವಿನ್ಯಾಸ ಬದಲಿಸುವವನಿಗೆ, ಸಮಸ್ಯೆ ಬಂದ ದಿನವೇ ಎಂಜಿನಿಯರ್ ಎದುರಿಗೆ ನಿಲ್ಲಬೇಕು ಎನ್ನುವವನಿಗೆ ನೀವು ಅಗ್ಗ. ಬೆಂಗಳೂರಿನಲ್ಲಿ ಅಂಥ ಗ್ರಾಹಕರು ದಂಡಿಯಾಗಿದ್ದಾರೆ: ವಿಮಾನ ಮತ್ತು ಬಾಹ್ಯಾಕಾಶ ಕೆಲಸದವರು, ವೈದ್ಯಕೀಯ ಉಪಕರಣದವರು, ವಿಶೇಷ ಉದ್ದೇಶದ ಯಂತ್ರ ಕಟ್ಟುವವರು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ ಈ ಊರಿನಲ್ಲಿ ಬೆಳೆಸಿದ ಕೈಕಸುಬು ಇನ್ನೂ ಇಲ್ಲಿನ ಓಣಿಗಳಲ್ಲಿದೆ. ಅದನ್ನು ಸಾಮಾನ್ಯ ಬೋಲ್ಟ್‌ನ ಬೆಲೆಗೆ ಮಾರುವುದು ನನಗೆ ನೋವಿನ ವಿಷಯ.

ಮಾರುಕಟ್ಟೆ ಬದಲಾಗುತ್ತಿದೆ ಎಂದು ತಡವಾಗುವ ಮುನ್ನ ತಿಳಿಯುವುದು ಹೇಗೆ?

ನಮ್ಮ ಊರಿನ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಕೈಗಡಿಯಾರ ತಯಾರಿಸಲು ಆರಂಭಿಸಿತು. ಮದುವೆಗೆ, ನಿವೃತ್ತಿಗೆ ಕೊಡುವ ಉಡುಗೊರೆ ಎಂದರೆ ಅದೇ ಎನ್ನುವಷ್ಟು ಮನೆಮಾತಾಯಿತು. 1984ರಲ್ಲಿ ಹುಟ್ಟಿದ ಟೈಟಾನ್ ಹೊಸೂರಿನ ಕಾರ್ಖಾನೆಯಿಂದ ಕ್ವಾರ್ಟ್ಜ್ ಗಡಿಯಾರ, ವಿನ್ಯಾಸ, ಸ್ವಂತ ಮಳಿಗೆ ಎಂಬ ಬೇರೆಯೇ ದಾರಿ ಹಿಡಿಯಿತು. ಎಚ್‌ಎಂಟಿಯ ಬಲ ಯಾಂತ್ರಿಕ ಗಡಿಯಾರದಲ್ಲಿತ್ತು, ಮಾರುಕಟ್ಟೆ ಅಲ್ಲಿಂದ ಎದ್ದು ಹೊರಟಿತ್ತು. 2016ರಲ್ಲಿ ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಲ್ಲಿ ಕೆಲಸ ಬಲ್ಲವರ ಕೊರತೆ ಎಂದೂ ಇರಲಿಲ್ಲ.

ಎಂಟಿಆರ್ 1924ರ ಹೋಟೆಲ್. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಗೆ ಸರ್ಕಾರ ಮಿತಿ ಹಾಕಿದಾಗ, ಆ ಬೆಲೆಗೆ ತಮ್ಮ ಗುಣಮಟ್ಟ ಸಾಧ್ಯವಿಲ್ಲ ಎಂದು ಅವರು ಪೊಟ್ಟಣದ ಪುಡಿ, ಮಿಕ್ಸ್‌ಗಳ ಕಡೆ ತಿರುಗಿದರು. ಆ ಆಹಾರ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ತಮ್ಮ ಬಲ ಇರುವುದು ಮೇಜು ಕುರ್ಚಿಯಲ್ಲಿ ಅಲ್ಲ, ರುಚಿ ಮತ್ತು ಶುಚಿಯಲ್ಲಿ ಎಂದು ಅವರಿಗೆ ಗೊತ್ತಿತ್ತು ಎಂಬುದು ನನ್ನ ಓದು.

ಸಣ್ಣ ಘಟಕಕ್ಕೆ ಸೂಚನೆಗಳು ಇನ್ನೂ ಹತ್ತಿರದಲ್ಲಿರುತ್ತವೆ. ಕೈತಪ್ಪಿದ ಕೊಟೇಶನ್‌ಗಳ ಕಾರಣವನ್ನು ಬರೆದಿಡಿ. ಹಳೆಯ ಗ್ರಾಹಕ ಹೊಸ ಮಾದರಿಯ ಡ್ರಾಯಿಂಗ್ ಅನ್ನು ನಿಮಗೆ ಕಳುಹಿಸುವುದನ್ನು ನಿಲ್ಲಿಸಿದರೆ ಅದೇ ದೊಡ್ಡ ಸೂಚನೆ. ಹಳೆಯ ಮಾದರಿಯ ಆರ್ಡರ್ ಇನ್ನೆರಡು ವರ್ಷ ಬರುತ್ತಲೇ ಇರುತ್ತದೆ, ಅದನ್ನು ನೋಡಿ ನಿಶ್ಚಿಂತರಾಗಬೇಡಿ. ವಿದ್ಯುತ್ ವಾಹನಗಳ ಕಾಲದಲ್ಲಿ ಎಂಜಿನ್ ಭಾಗ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

## ಹೊರದೇಶದ ವ್ಯಾಪಾರ

ರಫ್ತು ಮಾಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಕಾಗದಪತ್ರಗಳು ನೀವು ಅಂದುಕೊಂಡಷ್ಟು ಕಷ್ಟವಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಐಇಸಿ (ಆಮದು ರಫ್ತುದಾರರ ಸಂಖ್ಯೆ), ವಿದೇಶಿ ಹಣ ಪಡೆಯುವ ಬ್ಯಾಂಕಿನಿಂದ ಅದರ ಗುರುತಿನ ಎಡಿ ಕೋಡ್, ತೆರಿಗೆ ಕಟ್ಟದೆ ಕಳುಹಿಸಲು ಜಿಎಸ್‌ಟಿಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ. ಕಂಟೈನರ್ ಆದರೆ ವೈಟ್‌ಫೀಲ್ಡ್‌ನ ಒಳನಾಡು ಡಿಪೊದಲ್ಲೇ ಕಸ್ಟಮ್ಸ್ ಮುಗಿಸಿ ಚೆನ್ನೈ ಬಂದರಿಗೆ ಕಳುಹಿಸಬಹುದು. ಹಗುರವಾದ ಬೆಲೆಬಾಳುವ ಸರಕಿಗೆ ದೇವನಹಳ್ಳಿಯ ವಿಮಾನ ನಿಲ್ದಾಣವಿದೆ.

ಎಡವುವುದು ಬೆಲೆ ಹೇಳುವಲ್ಲಿ. ಎಫ್‌ಒಬಿ ಚೆನ್ನೈ ಎಂದರೆ ಹಡಗಿಗೆ ಏರಿಸುವವರೆಗಿನ ಖರ್ಚು, ಹೊಣೆ ನಿಮ್ಮದು. ಸಿಐಎಫ್ ಎಂದರೆ ಸಾಗಣೆ ಮತ್ತು ವಿಮೆಯ ಖರ್ಚೂ ನಿಮ್ಮದು, ಆದರೆ ಹಡಗೇರಿದ ಮೇಲಿನ ಹಾನಿಯ ಹೊಣೆ ಖರೀದಿದಾರನದು. ಇದನ್ನು ತಿಳಿಯದೆ ಒಂದೇ ಅಂಕಿ ಬರೆದು ಕಳುಹಿಸಿದರೆ ಲಾಭವೆಲ್ಲ ಹಡಗಿನ ಬಾಡಿಗೆಗೆ ಹೋಗುತ್ತದೆ.

ಕಂಡರಿಯದ ದೇಶದ ಗ್ರಾಹಕ ಹಣ ಕೊಡದಿದ್ದರೆ ಯಾರನ್ನು ಕೇಳುವುದು?

ಕೇಳುವ ಸ್ಥಿತಿಯೇ ಬಾರದಂತೆ ಮೊದಲೇ ಕಟ್ಟಿಕೊಳ್ಳಿ. ಮೊದಲ ಆರ್ಡರಿಗೆ ಮುಂಗಡ, ದೊಡ್ಡ ಮೊತ್ತಕ್ಕೆ ಎಲ್‌ಸಿ, ಅಂದರೆ ಹಣ ಕೊಡುವುದಾಗಿ ಖರೀದಿದಾರನ ಬ್ಯಾಂಕು ಬರೆದುಕೊಡುವ ಭರವಸೆ ಪತ್ರ. ಎಲ್‌ಸಿಯಲ್ಲಿ ಬ್ಯಾಂಕು ನೋಡುವುದು ದಾಖಲೆಗಳನ್ನು ಮಾತ್ರ. ಬಿಲ್ಲಿನ ವಿವರಣೆಯಲ್ಲಿ ಒಂದು ಪದ ಬೇರೆಯಾದರೂ ಹಣ ತಡೆಯಬಹುದು. ಪರಿಚಯ ಬೆಳೆದು ಸಾಲದ ಮೇಲೆ ಕಳುಹಿಸುವ ಹಂತ ಬಂದಾಗ 1957ರಿಂದ ಇರುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆ ಮಾಡಿಸಿ. ಖರೀದಿದಾರ ದಿವಾಳಿಯಾದರೂ, ಅವನ ದೇಶದಲ್ಲಿ ಯುದ್ಧ ಬಂದರೂ ನಷ್ಟದ ಬಹುಪಾಲು ತುಂಬಿಕೊಡುವ ಪಾಲಿಸಿಗಳು ಅಲ್ಲಿವೆ.

ರೂಪಾಯಿ ಬೆಲೆ ಇಳಿದರೆ ರಫ್ತುದಾರನಿಗೆ ಲಾಭವೇ ಅಲ್ಲವೇ?

ಸಾಮಗ್ರಿಯೂ ಇಲ್ಲಿಯದೇ ಆಗಿದ್ದರೆ ಸ್ವಲ್ಪ ಕಾಲ ಲಾಭ. ಆದರೆ ಟೂಲ್ ಇನ್ಸರ್ಟ್, ವಿಶೇಷ ಮಿಶ್ರಲೋಹ, ಯಂತ್ರದ ಬಿಡಿಭಾಗಗಳನ್ನು ಆಮದು ಮಾಡಿಕೊಳ್ಳುತ್ತಿದ್ದರೆ ಅವುಗಳ ಬೆಲೆಯೂ ಏರುತ್ತದೆ, ಜಾಣ ಗ್ರಾಹಕ ಮುಂದಿನ ಮಾತುಕತೆಯಲ್ಲಿ ರಿಯಾಯಿತಿ ಕೇಳುತ್ತಾನೆ. ವಿನಿಮಯ ದರದ ಮೇಲೆ ಪಣ ಕಟ್ಟುವುದು ನಿಮ್ಮ ಕಸುಬಲ್ಲ. ಬರಬೇಕಾದ ಡಾಲರಿನ ಒಂದು ಪಾಲಿಗೆ ಬ್ಯಾಂಕಿನಲ್ಲಿ ಫಾರ್ವರ್ಡ್ ಒಪ್ಪಂದ ಮಾಡಿಕೊಂಡು ದರ ಗಟ್ಟಿ ಮಾಡಿಕೊಳ್ಳಿ.

ನಮ್ಮ ಮಾರಾಟದ ಮುಕ್ಕಾಲು ಪಾಲು ಅಮೆರಿಕದ ಒಂದೇ ಕಂಪನಿಗೆ. ಒಳ್ಳೆಯ ಗ್ರಾಹಕರು. ಚಿಂತೆ ಬೇಕೇ?

ಬೇಕು, ಅವರು ಎಷ್ಟೇ ಒಳ್ಳೆಯವರಾಗಿದ್ದರೂ. 2025ರ ಆಗಸ್ಟ್‌ನಲ್ಲಿ ಭಾರತದ ಅನೇಕ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಅಮೆರಿಕ ಕೆಲವೇ ವಾರಗಳಲ್ಲಿ 50 ಪ್ರತಿಶತಕ್ಕೆ ಏರಿಸಿತು. ಅದರಲ್ಲಿ ಗ್ರಾಹಕನ ತಪ್ಪಾಗಲಿ ತಯಾರಕನ ತಪ್ಪಾಗಲಿ ಇರಲಿಲ್ಲ. ಯಾವ ಗ್ರಾಹಕನೂ ಮಾರಾಟದ ಮೂರನೇ ಒಂದು ಭಾಗ ಮೀರಬಾರದು, ಯಾವ ದೇಶವೂ ಅರ್ಧ ಮೀರಬಾರದು ಎಂಬುದು ನಾನು ಹೇಳುವ ಮಿತಿ. ತಕ್ಷಣ ಆಗುವುದಿಲ್ಲ, ಮೂರು ವರ್ಷದ ಕೆಲಸ. ಹಳೆಯ ಗ್ರಾಹಕನನ್ನು ಕಡಿಮೆ ಮಾಡಬೇಡಿ. ಹೊಸ ಸಾಮರ್ಥ್ಯವನ್ನು ಮಾತ್ರ ಬೇರೆಯವರಿಗೆಂದು ಮೀಸಲಿಡಿ. ಅದರಲ್ಲಿ ಒಂದು ಪಾಲು ದೇಶದೊಳಗಿನವರಿಗೆ ಇರಲಿ.

ಯುರೋಪಿನ ಗ್ರಾಹಕ ಇಂಗಾಲದ ಲೆಕ್ಕ ಕೇಳುತ್ತಿದ್ದಾನೆ. ಇದೇನು ಹೊಸ ತಾಪತ್ರಯ?

ಆಮದು ಸರಕು ತಯಾರಾಗುವಾಗ ಹೊರಬಿದ್ದ ಇಂಗಾಲಕ್ಕೆ ಶುಲ್ಕ ಹಾಕುವ, ಯುರೋಪಿನ ಒಕ್ಕೂಟದ ಸಿಬಿಎಎಂ ಎಂಬ ವ್ಯವಸ್ಥೆ ಇದು. 2023ರ ಅಕ್ಟೋಬರ್‌ನಿಂದ ವರದಿ ಕೊಡುವ ಹಂತ ನಡೆಯಿತು, 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಜಲಜನಕ, ವಿದ್ಯುತ್ ಇದರ ವ್ಯಾಪ್ತಿಯಲ್ಲಿವೆ. ಉಕ್ಕಿನ ಬೋಲ್ಟ್, ನಟ್, ಸ್ಕ್ರೂಗಳೂ ಸೇರಿವೆ, ಹಾಗಾಗಿ ಪೀಣ್ಯದ ಫಾಸ್ಟನರ್ ತಯಾರಕರಿಗೆ ಇದು ನೇರವಾಗಿ ತಟ್ಟುತ್ತದೆ. ಶುಲ್ಕ ಕಟ್ಟಬೇಕಾದವನು ಅಲ್ಲಿನ ಆಮದುದಾರ. ಆದರೆ ನೀವು ಅಂಕಿ ಕೊಡದಿದ್ದರೆ ಅವನಿಗೆ ನಿಗದಿತ ಊಹೆಯ ಅಂಕಿಯ ಮೇಲೆ ಲೆಕ್ಕ ಬೀಳುತ್ತದೆ, ಅದು ಸಾಮಾನ್ಯವಾಗಿ ಹೆಚ್ಚು. ವರ್ಷಕ್ಕೆ 50 ಟನ್‌ಗಿಂತ ಕಡಿಮೆ ತರಿಸುವ ಆಮದುದಾರರಿಗೆ ಉಕ್ಕು, ಅಲ್ಯೂಮಿನಿಯಂನಂಥ ಸರಕುಗಳಲ್ಲಿ ವಿನಾಯಿತಿ ಇದೆ, ಆದ್ದರಿಂದ ಮೊದಲು ಅವನ ಒಟ್ಟು ಪ್ರಮಾಣ ಕೇಳಿ. ಉಕ್ಕು ಕೊಳ್ಳುವಾಗ ಅದು ಯಾವ ಕಾರ್ಖಾನೆಯದು, ಊದುಕುಲುಮೆಯದೋ ವಿದ್ಯುತ್ ಕುಲುಮೆಯದೋ ಎಂಬ ದಾಖಲೆಯನ್ನು ಗಿರಣಿಯ ಪ್ರಮಾಣಪತ್ರದ ಜೊತೆಗೇ ಕೇಳಿ ಪಡೆಯಿರಿ. ವಿದ್ಯುತ್ ಬಿಲ್ಲು, ಡೀಸೆಲ್ ಬಿಲ್ಲುಗಳನ್ನು ಉತ್ಪಾದನೆಯ ತೂಕದೊಂದಿಗೆ ತಿಂಗಳು ತಿಂಗಳು ಜೋಡಿಸಿಡಿ.

ಮಗಳು ಸಾಫ್ಟ್‌ವೇರ್ ಕೆಲಸ ಬಿಟ್ಟು ಕಾರ್ಖಾನೆಗೆ ಬರುತ್ತೇನೆ ಎನ್ನುತ್ತಾಳೆ. ಅವಳಿಗೆ ಹೊಣೆಯನ್ನು ಹೇಗೆ ಒಪ್ಪಿಸಲಿ?

ತುಂಬ ಸಂತೋಷದ ಪ್ರಶ್ನೆ, ಇತ್ತೀಚೆಗೆ ಹೆಚ್ಚು ಕೇಳಿಬರುತ್ತಿದೆ. ಬಂದ ದಿನವೇ ನಿರ್ದೇಶಕಿ ಎಂಬ ಫಲಕ ಹಾಕಬೇಡಿ, ಎರಡು ವರ್ಷ ಅಕೌಂಟ್ಸ್ ಮೂಲೆಯಲ್ಲೂ ಕೂರಿಸಬೇಡಿ. ಮೊದಲ ಆರು ತಿಂಗಳು ಯಂತ್ರದ ಗಂಟೆ ದರದ ಲೆಕ್ಕವನ್ನು ಅವಳೇ ಹೊಸದಾಗಿ ಮಾಡಲಿ. ಅದಕ್ಕಾಗಿ ಅವಳು ಪ್ರತಿ ಯಂತ್ರದ ಬಳಿಯೂ ನಿಲ್ಲಬೇಕಾಗುತ್ತದೆ, ಪ್ರತಿ ಆಪರೇಟರ್ ಜೊತೆಯೂ ಮಾತಾಡಬೇಕಾಗುತ್ತದೆ. ಬಳಿಕ ಒಬ್ಬ ಗ್ರಾಹಕನನ್ನು ಪೂರ್ತಿಯಾಗಿ ಅವಳಿಗೆ ಒಪ್ಪಿಸಿ: ಕೊಟೇಶನ್, ಡಿಸ್‌ಪ್ಯಾಚ್, ದೂರು, ವಸೂಲಿ ಎಲ್ಲವೂ. ಆ ಗ್ರಾಹಕ ನಿಮಗೆ ಫೋನ್ ಮಾಡಿದರೆ ಉತ್ತರಿಸದೆ ಅವಳ ಸಂಖ್ಯೆ ಕೊಡಿ. ಮೂವತ್ತು ವರ್ಷದಿಂದ ಕೆಲಸದಲ್ಲಿರುವ ಫೋರ್‌ಮನ್ ಒಂದು ಮಾತು, ಅವಳು ಇನ್ನೊಂದು ಮಾತು ಹೇಳಿದಾಗ ಎಲ್ಲರೆದುರು ತೀರ್ಪು ಕೊಡಬೇಡಿ, ಇಬ್ಬರೂ ಕುಳಿತು ಒಂದು ಲಾಟ್ ಮೇಲೆ ಪ್ರಯೋಗ ಮಾಡಿ ನೋಡಲಿ. ಬ್ಯಾಂಕಿನಲ್ಲಿ ಸಹಿಯ ಅಧಿಕಾರವನ್ನು ಮೊದಲು ಒಂದು ಮಿತಿಯವರೆಗೆ ಕೊಟ್ಟು, ಆ ಮಿತಿಯನ್ನು ವರ್ಷವರ್ಷ ಹೆಚ್ಚಿಸಿ. ಒಡಹುಟ್ಟಿದವರು ಇದ್ದರೆ ಷೇರು ಯಾರಿಗೆ, ಆಡಳಿತ ಯಾರಿಗೆ ಎಂಬುದನ್ನು ನೀವು ಆರೋಗ್ಯವಾಗಿರುವಾಗಲೇ, ಎಲ್ಲರೂ ಕುಳಿತು, ಬರಹದಲ್ಲಿ ಮಾಡಿ ನೋಂದಾಯಿಸಿ.